ಮದುವೆ ಫೋಟೋದಲ್ಲಿ ನಮ್ಮ ಮುಖ ಯಾಕೆ ಮಸಿಯಾಗುತ್ತೆ? ಒಂದು ಸಣ್ಣ ಚರಿತ್ರೆ



ಮೊನ್ನೆ ಪಿರಿಯಾಪಟ್ಟಣ ಕಡೆಯ ಒಬ್ಬ ಹುಡುಗ ಮೆಸೇಜ್ ಹಾಕಿದ್ದ. ಡಿಗ್ರಿ ಮುಗಿಸಿ, ಎರಡು ಸೀಸನ್ ಹೊಗೆಸೊಪ್ಪಿನ ಬ್ಯಾರನ್ ಕೆಲಸಕ್ಕೆ ಹೋಗಿ ಕೂಡಿಟ್ಟ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡಿದ್ದಾನೆ. ಮೂರು ಮದುವೆ ತೆಗೆದಿದ್ದಾನೆ. ಅವನು ಕೇಳಿದ್ದು ಇಷ್ಟು: "ಅಣ್ಣಾ, ನಮ್ ಕೇರಿ ಮದ್ವೇಲಿ ಹೆಣ್ಣು ಗಂಡಿನ ಮುಖ ಮಸಿ ಹಚ್ಚಿದಂಗೆ ಬರ್ತವೆ. ನಂಗೆ ಇನ್ನೂ ಕೈ ಕೂಡಿಲ್ವಾ, ಇಲ್ಲಾ ನಮ್ ಬಣ್ಣನೇ ಅಷ್ಟಾ?"

ಆ ಕೊನೆಯ ಮಾತು ನನಗೆ ಎರಡು ದಿನ ನಿದ್ದೆ ಕೊಡಲಿಲ್ಲ. ಅವನಿಗೆ ಫೋನಲ್ಲೇ ನಾಲ್ಕು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಲ್ಲಿ ಈಗ ನಮ್ಮ ಕೇರಿಗಳಿಂದ ಕ್ಯಾಮೆರಾ ಹಿಡಿದಿರೋ ಹುಡುಗರು, ಹುಡುಗೀರು ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಓದಲಿ ಅಂತ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಮೊದಲೇ ಒಂದು ಮಾತು. ಜಾತಿಗೂ ಬಣ್ಣಕ್ಕೂ ನೇರ ಗಂಟಿಲ್ಲ. ನಮ್ಮಲ್ಲೂ ಬೆಳ್ಳಗಿರೋರು ಇದ್ದಾರೆ, ಅಗ್ರಹಾರದಲ್ಲೂ ಕಪ್ಪಗಿರೋರು ಇದ್ದಾರೆ. ಆದರೆ ವರ್ಷದ ಹತ್ತು ತಿಂಗಳು ಬಿಸಿಲಲ್ಲಿ ನಿಂತು ಸೊಪ್ಪು ಮುರಿಯೋ, ನಾಟಿ ಹಾಕೋ ಮೈಗೂ, ನೆರಳಲ್ಲಿ ಕೂತ ಮೈಗೂ ವ್ಯತ್ಯಾಸ ಇದ್ದೇ ಇರುತ್ತೆ. ಕ್ಯಾಮೆರಾ ಮುಂದೆ ಆ ವ್ಯತ್ಯಾಸ ದೊಡ್ಡದಾಗಿ ಕಾಣುತ್ತೆ. ಯಾಕೆ ದೊಡ್ಡದಾಗಿ ಕಾಣುತ್ತೆ ಅನ್ನೋದೇ ಚರಿತ್ರೆ.

ಫೋಟೋಗ್ರಫಿ ಜಗತ್ತಿಗೆ ಬಂದದ್ದು 1839ರಲ್ಲಿ. ನಮ್ಮಂಥವರ ಮುಂದೆ ಕ್ಯಾಮೆರಾ ಬಂದಾಗ ಅದು ಮದುವೆ ಮನೆಗೆ ಬರಲಿಲ್ಲ, ಲೆಕ್ಕ ಹಾಕೋಕೆ ಬಂತು. 1857ರ ದಂಗೆಯಾದ ಮೇಲೆ ಬ್ರಿಟಿಷರಿಗೆ ಈ ದೇಶದ ಜನ ಯಾರು ಯಾರು ಅಂತ ತಿಳಿಯೋ ಗಾಬರಿ ಹತ್ತಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ಹೊರತಂದರು. ನಾನೂರಕ್ಕೂ ಹೆಚ್ಚು ಫೋಟೋ. ಬಹುಪಾಲು ಚಿತ್ರಗಳ ಕೆಳಗೆ ಇರೋದು ಜಾತಿ ಹೆಸರು, ಕುಲದ ಹೆಸರು. ಆ ಮನುಷ್ಯನನ್ನ ಅವನವ್ವ ಏನಂತ ಕರೀತಿದ್ದಳೋ ಅದು ಇಲ್ಲ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ಆತ ಒಂದು ಕೈಲಿ ಕ್ಯಾಮೆರಾ, ಇನ್ನೊಂದು ಕೈಲಿ ಮೂಗಿನ ಅಗಲ ಅಳೆಯೋ ಸಲಕರಣೆ ಹಿಡಿದು ಊರೂರು ತಿರುಗಿದವನು. ಮೈಸೂರು ಸಂಸ್ಥಾನದ್ದು ಬೇರೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಹೆಸರಲ್ಲಿ 1928ರಿಂದ 1935ರ ನಡುವೆ ಮೈಸೂರಿನ ಬುಡಕಟ್ಟು, ಜಾತಿಗಳ ಸಂಪುಟಗಳು ಬಂದವು. ನಮ್ಮ ಮದುವೆ ಪದ್ಧತಿ, ಬೆಡಗು, ತೆರ, ಎಲ್ಲ ಬರೆದುಕೊಂಡು ಹೋದರು. ಬರೆದುಕೊಂಡವರು ಬರೆಸಿದವರಿಗೆ ತಿರುಗಿ ಏನು ಕೊಟ್ಟರು ಅಂತ ಕೇಳೋ ಹಾಗಿಲ್ಲ.

ಇದು ಹಳೇ ಕತೆ ಅನ್ಕೋಬೇಡಿ. ಎಚ್.ಡಿ. ಕೋಟೆ ಹಾಡಿಗಳಿಗೆ ಹೋಗಿ ನೋಡಿ. ಜೇನುಕುರುಬರ ಅಜ್ಜಿಯರ ಎಷ್ಟೋ ಫೋಟೋ ಯಾರ್ಯಾರದೋ ಲೆನ್ಸಲ್ಲಿ ಎಲ್ಲೆಲ್ಲಿಗೋ ಹೋಗಿವೆ. ಕಬಿನಿ ನೋಡೋಕೆ ಬರೋರು, ಕಾಡು ನೋಡೋಕೆ ಬರೋರು, ಸಂಶೋಧನೆಗೆ ಬರೋರು ಎಲ್ಲಾ ತೆಗೀತಾರೆ. ಆ ಅಜ್ಜಿಯ ಗೋಡೆ ಮೇಲೆ ಅವಳದ್ದೇ ಒಂದು ಪ್ರಿಂಟ್ ಇರಲ್ಲ.

ಈಗ ಬಣ್ಣದ ವಿಷಯಕ್ಕೆ ಬರೋಣ. ಕಲರ್ ಫಿಲ್ಮ್ ಬಂದಾಗ ಪ್ರಿಂಟ್ ಹಾಕೋ ಲ್ಯಾಬುಗಳಿಗೆ ಬಣ್ಣ ಸರಿ ಇದೆಯಾ ಅಂತ ತಾಳೆ ನೋಡೋಕೆ ಕೊಡಾಕ್ ಕಂಪನಿ 1950ರ ದಶಕದಿಂದ ಒಂದು ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಣ್ಣುಮಗಳ ಫೋಟೋ. ಮೊದಲ ಮಾಡೆಲ್ ಹೆಸರು ಶರ್ಲಿ, ಹಾಗಾಗಿ ಆಮೇಲೆ ಬಂದ ಮಾಡೆಲ್‌ಗಳಿಗೂ 'ಶರ್ಲಿ ಕಾರ್ಡ್' ಅಂತಲೇ ಹೆಸರು ಉಳೀತು. ಶರ್ಲಿಯ ಮುಖ ಚೆನ್ನಾಗಿ ಬಂದರೆ ಮಿಷನ್ ಸರಿ ಇದೆ ಅಂತ ಅರ್ಥ. ಉಳಿದವರ ಮುಖ ಹೇಗಾದ್ರೂ ಬರಲಿ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಇದನ್ನೆಲ್ಲ ಕೆದಕಿ ಬರೆದಿದ್ದಾರೆ. ಅವರು ಹೇಳೋ ಒಂದು ಸಂಗತಿ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಕಪ್ಪು ಜನರ ಮುಖ ಸರಿಯಾಗಿ ಬರ್ತಿಲ್ಲ ಅನ್ನೋ ದೂರಿಗೆ ಕಂಪನಿ ಫಿಲ್ಮ್ ಬದಲಾಯಿಸಲಿಲ್ಲ. ಚಾಕೊಲೇಟ್ ಕಂಪನಿಯವರು, ಮರದ ಪೀಠೋಪಕರಣ ಮಾರೋರು ಬಂದು 'ನಮ್ಮ ಜಾಹೀರಾತಲ್ಲಿ ಕಂದು ಬಣ್ಣದ ಛಾಯೆ ಬೇರೆ ಬೇರೆಯಾಗಿ ಕಾಣ್ತಿಲ್ಲ' ಅಂದಾಗ ಬದಲಾಯಿಸಿತು. ಮರಕ್ಕೂ ಮಿಠಾಯಿಗೂ ಸಿಕ್ಕಿದ ಮರ್ಯಾದೆ ಮನುಷ್ಯರಿಗೆ ಸಿಗಲಿಲ್ಲ. ಬೇರೆ ಬೇರೆ ಬಣ್ಣದ ಹೆಣ್ಣುಮಕ್ಕಳಿರೋ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ಹುಣಸೂರಿನ ಮದುವೆ ರೋಲ್‌ಗಳು ಬಸ್ಸಲ್ಲಿ ಮೈಸೂರಿನ ಕಲರ್ ಲ್ಯಾಬ್‌ಗೆ ಹೋಗಿ ಬರ್ತಿದ್ದ ಕಾಲದಲ್ಲಿ, ನಮ್ಮ ಅಕ್ಕಂದಿರ ಧಾರೆ ಫೋಟೋಗಳೂ ಶರ್ಲಿಗೆ ಹೊಂದಿಸಿಟ್ಟ ಲೋಕದಲ್ಲೇ ಪ್ರಿಂಟ್ ಆಗಿ ಬಂದವು.

ಕ್ಯಾಮೆರಾ ಬರೀ ಅಲಕ್ಷ್ಯ ಮಾಡಿದ್ದಲ್ಲ, ಕೆಲವು ಸಲ ಬೇಕಂತಲೇ ನಮ್ಮ ಮೇಲೆ ತಿರುಗಿಸಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಸದಾ ಜೇಬಲ್ಲಿ ಇಟ್ಕೋಬೇಕಿದ್ದ ಪಾಸ್ ಪುಸ್ತಕಕ್ಕೆ ಪೋಲರಾಯ್ಡ್ ಕಂಪನಿಯ ಐಡಿ-2 ಕ್ಯಾಮೆರಾ ಬಳಸ್ತಿದ್ದರು. ಅದರಲ್ಲಿ ಫ್ಲ್ಯಾಶ್ ಬೆಳಕು ಹೆಚ್ಚಿಸೋ ಗುಂಡಿಯೊಂದು ಬೇರೆ ಇತ್ತು. ಅಂದರೆ ಹಿಡಿದು ಜೈಲಿಗೆ ಹಾಕಬೇಕು ಅಂದಾಗ ಕಪ್ಪು ಮುಖ ಸ್ಪಷ್ಟವಾಗಿ ತೆಗೆಯೋ ವಿದ್ಯೆ ಅವರಿಗೆ ಗೊತ್ತಿತ್ತು! 1970ರಲ್ಲಿ ಅದೇ ಕಂಪನಿಯ ಇಬ್ಬರು ಕಪ್ಪು ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ಇದನ್ನ ಪತ್ತೆ ಹಚ್ಚಿ ಹೋರಾಟ ಶುರು ಮಾಡಿದರು. ಕೆಲಸ ಕಳಕೊಂಡರು. 1977ರಲ್ಲಿ ಕಂಪನಿ ದಕ್ಷಿಣ ಆಫ್ರಿಕಾ ಬಿಟ್ಟು ಹೊರಟಿತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಫಿಲ್ಮ್ ಮೇಲೆ ಬೆಳ್ಳಿಯ ಕಣಗಳನ್ನ ಹಿಡಿದಿಡೋ ಅಂಟು ಯಾವುದು ಗೊತ್ತಾ? ಜೆಲಟಿನ್. ಅದು ಬರೋದು ದನದ ಮೂಳೆ ಮತ್ತು ಚರ್ಮದಿಂದ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಅನ್ನೋ ಇಂಗ್ಲೆಂಡಿನ ವೈದ್ಯ ಜೆಲಟಿನ್ ಬಳಸೋ ದಾರಿ ತೋರಿಸಿದ. ಅಲ್ಲಿಂದ ಡಿಜಿಟಲ್ ಬರೋವರೆಗೆ ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಫೋಟೋನೂ ದನದ ಮೂಳೆಯ ಅಂಟಿನ ಮೇಲೇ ಮೂಡಿದ್ದು. 1925ರಲ್ಲಿ ಕೊಡಾಕ್‌ನ ವಿಜ್ಞಾನಿ ಸ್ಯಾಮ್ಯುಯಲ್ ಶೆಪರ್ಡ್ ಇನ್ನೊಂದು ಕಂಡುಹಿಡಿದ. ಕೆಲವು ಜೆಲಟಿನ್‌ನಲ್ಲಿ ಮಾಡಿದ ಫಿಲ್ಮ್ ಯಾಕೆ ಹೆಚ್ಚು ಚುರುಕಾಗಿ ಬೆಳಕು ಹಿಡಿಯುತ್ತೆ ಅಂದರೆ, ಆ ದನಗಳು ಸಾಸಿವೆ ಜಾತಿಯ ಗಿಡ ತಿಂದಿರ್ತವೆ, ಅದರೊಳಗಿನ ಗಂಧಕದ ಅಂಶ ಜೆಲಟಿನ್‌ಗೂ ಬಂದಿರುತ್ತೆ. ದನ ಏನು ಮೇಯಿತು ಅನ್ನೋದರ ಮೇಲೆ ಫೋಟೋ ಹೆಂಗೆ ಬರುತ್ತೆ ಅನ್ನೋದು ನಿಂತಿತ್ತು.

ನಮ್ಮ ದೇಶದಿಂದ ಮೂಳೆ ಹಡಗಲ್ಲಿ ಯುರೋಪಿಗೆ ಹೋಗ್ತಿತ್ತು. ಸತ್ತ ದನ ಹೊತ್ತವರು ಯಾರು? ಸುಲಿದವರು ಯಾರು? ಊರಾಚೆ ಬಿದ್ದ ಮೂಳೆ ಆಯ್ದು ಚೀಲ ತುಂಬಿ ತೂಕಕ್ಕೆ ಹಾಕಿದವರು ಯಾರು? ನಮ್ಮ ತಾತ ಮುತ್ತಾತಂದಿರು. ಆ ಕೆಲಸ ಮಾಡಿದ್ದಕ್ಕೆ ಅವರನ್ನ ಮುಟ್ಟಬಾರದು ಅಂದರು. ಅದೇ ಮೂಳೆಯ ಅಂಟು ಬಳಿದ ಫೋಟೋ ಮಾತ್ರ ದೇವರ ಕೋಣೆಗೆ ಹೋಯ್ತು, ಮಠದ ಗೋಡೆಗೆ ಹೋಯ್ತು, ಅದಕ್ಕೆ ಊದುಬತ್ತಿ ಬೆಳಗಿದರು. 1960ರಲ್ಲಿ ನಮ್ಮ ಪಕ್ಕದ ಊಟಿಯಲ್ಲೇ ಸರ್ಕಾರ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಕಟ್ಟಿತು. 'ಇಂದು' ಅನ್ನೋ ಬ್ರಾಂಡ್. ವಯಸ್ಸಾದ ಸ್ಟುಡಿಯೋದವರನ್ನ ಕೇಳಿ, ಇಂದು ಪೇಪರ್, ಇಂದು ಫಿಲ್ಮ್ ಹೆಸರು ಹೇಳ್ತಾರೆ. ಹಾಗಾಗಿ ತಮ್ಮಾ, ಈ ಕಲೆ ನಮಗೆ ಹೊಸದು, ನಾವು ಬೇರೆಯವರ ಜಾಗಕ್ಕೆ ಬಂದಿದೀವಿ ಅಂತ ಮುದುಡಬೇಡ. ಅದರ ತಳದಲ್ಲಿ ನಮ್ಮೋರ ಬೆವರು ಮೊದಲಿಂದಲೂ ಇದೆ.

ನಮ್ಮ ಕಡೆ ಕೇರಿಗೆ ಮದುವೆ ಫೋಟೋ ಬಂದದ್ದು ತಡವಾಗಿ. ನಮ್ಮಪ್ಪ ಅವ್ವನ ಮದುವೆ ಎಪ್ಪತ್ತರ ದಶಕದ್ದು. ಪೇಟೆಯಿಂದ ಒಬ್ಬ ಫೋಟೋಗ್ರಾಫರ್ ಬಂದಿದ್ದ. ಕೇರಿ ಒಳಕ್ಕೆ ಬರಲಿಲ್ಲ. ಹೆಣ್ಣು ಗಂಡು ಇಬ್ಬರನ್ನೂ ಬಾಸಿಂಗದ ಸಮೇತ ರಸ್ತೆ ಬದಿಯ ಹುಣಸೇ ಮರದ ಹತ್ರ ಕರೆಸಿ ತೆಗೆದ. ನೀರು ಕೊಟ್ಟರೆ ಬೇಡ ಅಂದ. ಆಗಿನ 120 ರೋಲಲ್ಲಿ ಚೌಕದ ಫೋಟೋ 12 ಮಾತ್ರ ಬರ್ತಿದ್ದವು. ನಮಗೆ ಕೊಟ್ಟದ್ದು ಎರಡು. ಅವುಗಳಲ್ಲಿ ಒಂದರಲ್ಲಿ ನಡುವೆ ಕುರ್ಚಿ ಹಾಕಿ ಕೂತಿರೋನು ಊರ ದೊಡ್ಡ ಜಮೀನಿನ ಯಜಮಾನ. ನಮ್ಮಪ್ಪ ಅವನ ಬಲಕ್ಕೆ, ಅವ್ವ ಅವನ ಎಡಕ್ಕೆ. ಮಗಳನ್ನ ಕೊಟ್ಟ ತಾತ ಒಂದು ಮೂಲೇಲಿ ಕೈ ಮುಗಿದು ನಿಂತವ್ನೆ, ಅರ್ಧ ಮುಖ ಕಟ್ ಆಗಿದೆ. ಅಜ್ಜಿ ಫೋಟೋದಲ್ಲೇ ಇಲ್ಲ.

ಹಳೇ ಆಲ್ಬಂ ಇರೋರು ತೆಗೆದು ನೋಡಿ. ನಡುವಿನ ಕುರ್ಚಿ ಯಾರದು? ತಮಟೆಯವರು ಎಲ್ಲಿದ್ದಾರೆ? ಅಡಿಗೆ ಮಾಡಿದೋರು ಇದ್ದಾರಾ? ಆಮೇಲೆ 35 ಎಂಎಂ ರೋಲ್ ಬಂದು 36 ಫೋಟೋ ಆಯ್ತು, ಆದರೂ ದೊಡ್ಡವರು ಯಾರ್ಯಾರು ಬಂದ್ರೋ ಅವರಿಗೇ ಮೀಸಲು. ಈಗ ಮೂರು ಸಾವಿರ ಫೋಟೋ ತೆಗೀತೀವಿ, ಆಗಲೂ ನಡುವಿನ ಕುರ್ಚಿ ಗ್ರಾಮ ಪಂಚಾಯ್ತಿ ಲೀಡರ್‌ಗೆ. ಇದನ್ನ ಬದಲಾಯಿಸೋಕೆ ದುಬಾರಿ ಲೆನ್ಸ್ ಬೇಕಾಗಿಲ್ಲ ಕನಪ್ಪ. ಗ್ರೂಪ್ ಫೋಟೋ ಟೈಮಲ್ಲಿ ಗಟ್ಟಿಯಾಗಿ "ಅಜ್ಜಿ ಎಲ್ಲಿ, ಅಜ್ಜೀನ ಕರ್ಕೊಂಡ್ ಬನ್ನಿ, ಇಲ್ಲಿ ಕೂರ್ಸಿ" ಅನ್ನು ಸಾಕು. ಫೋಟೋಗ್ರಾಫರ್ ಮಾತನ್ನ ಮದುವೆ ಮನೇಲಿ ಯಾರೂ ಮೀರಲ್ಲ. ಅದೊಂದು ಅಧಿಕಾರ ನಿನಗೆ ಬಿಟ್ಟಿಯಾಗಿ ಸಿಕ್ಕಿದೆ, ಬಳಸು.

ಅಮೆರಿಕದ ಹಾರ್ಲೆಮ್‌ನಲ್ಲಿ ಜೇಮ್ಸ್ ವ್ಯಾನ್ ಡರ್ ಜೀ ಅಂತ ಒಬ್ಬ ಕಪ್ಪು ಫೋಟೋಗ್ರಾಫರ್ ಇದ್ದರು. ಸ್ಟುಡಿಯೋ ಇಟ್ಟುಕೊಂಡು ತನ್ನದೇ ಜನರ ಮದುವೆ, ಸಾವು, ಸಂಘದ ಮೆರವಣಿಗೆ ತೆಗೆದವರು. 1926ರ ಒಂದು ಮದುವೆ ಚಿತ್ರದಲ್ಲಿ ಗಂಡು ಹೆಣ್ಣಿನ ಕಾಲ ಬಳಿ ಒಂದು ಮಗುವಿನ ಮಸುಕು ಆಕೃತಿಯನ್ನ ಇನ್ನೊಂದು ನೆಗೆಟಿವ್‌ನಿಂದ ಸೇರಿಸಿದ್ದಾರೆ, ಮುಂದೆ ಹುಟ್ಟೋ ಮಗು ಅನ್ನೋ ಹಾಗೆ. ಜಗತ್ತು ಅವರನ್ನ ಗುರುತಿಸಿದ್ದು 1969ರಲ್ಲಿ, ಅವರಿಗೆ ಎಂಬತ್ತಕ್ಕೂ ಹೆಚ್ಚು ವಯಸ್ಸಾದ ಮೇಲೆ. ಹೊರಗಿನವರು ಹಾರ್ಲೆಮ್ ಅಂದರೆ ಬಡತನ, ಗಲಾಟೆ ಅಂತ ತೋರಿಸ್ತಿದ್ದಾಗ ಅವರ ಫೋಟೋದಲ್ಲಿ ಜನ ಒಳ್ಳೇ ಬಟ್ಟೆ ಹಾಕ್ಕೊಂಡು ನೆಟ್ಟಗೆ ಕೂತಿದ್ದಾರೆ. ನಮ್ಮ ಕೇರಿಗೂ ಕ್ಯಾಮೆರಾದವರು ಬರೋದು ದೌರ್ಜನ್ಯ ಆದಾಗ, ಗುಡಿಸಲು ಸುಟ್ಟಾಗ. ಅದೂ ಬೇಕು, ಬೇಡ ಅಂತಲ್ಲ. ನಕ್ಕಿದ್ದೂ ಬೇಕು.

ಬಾಬಾಸಾಹೇಬರದೇ ನೋಡಿ. ರಮಾಬಾಯಿಯವರ ಜೊತೆ ಮದುವೆ ನಡೆದದ್ದು ಮುಂಬೈನ ಬೈಕುಲ್ಲಾ ಮಾರುಕಟ್ಟೆಯ ತೆರೆದ ಶೆಡ್‌ನಲ್ಲಿ, ರಾತ್ರಿ, ವ್ಯಾಪಾರ ಮುಗಿದ ಮೇಲೆ. ಕಾಲ ಕೆಳಗೆ ಕೊಳಚೆ ನೀರು ಹರೀತಿತ್ತು ಅಂತ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳ್ತಾರೆ. ಬೆಳಗಾಗೋ ಹೊತ್ತಿಗೆ ಜಾಗ ಖಾಲಿ ಮಾಡಬೇಕಿತ್ತು. ಆ ರಾತ್ರಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು. 1948ರ ಏಪ್ರಿಲ್ 15ರಂದು ದೆಹಲಿಯಲ್ಲಿ ಸವಿತಾ ಅವರ ಜೊತೆ ಆದದ್ದು ರಿಜಿಸ್ಟರ್ ಮದುವೆ. ಆಗ ಅವರು ದೇಶದ ಕಾನೂನು ಮಂತ್ರಿ, ಆ ಜೋಡಿಯ ಫೋಟೋ ಈಗ ಎಲ್ಲರ ಮೊಬೈಲಲ್ಲೂ ಇದೆ. ಶೆಡ್‌ನಿಂದ ಆ ಫೋಟೋವರೆಗಿನ ದೂರವನ್ನ ಅವರು ಒಬ್ಬರೇ ನಡೆದರು, ನಮ್ಮನ್ನೂ ಎಳಕೊಂಡು.

ಸರಿ, ಈಗ ಕೈಕೆಲಸ. ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ.

ಕ್ಯಾಮೆರಾ ಒಳಗಿನ ಮೀಟರ್‌ಗೆ ಮನುಷ್ಯ ಯಾರು, ಪಂಚೆ ಯಾವುದು ಅಂತ ಗೊತ್ತಿಲ್ಲ. ಅದು ಎದುರಿಗಿರೋ ಎಲ್ಲವನ್ನೂ ಕಲೆಸಿ, ನಡುಮಟ್ಟದ ಬೂದು ಬಣ್ಣಕ್ಕೆ, ಪುಸ್ತಕದಲ್ಲಿ ಶೇಕಡ 18 ಬೂದು ಅಂತಾರೆ, ತಂದು ನಿಲ್ಲಿಸೋಕೆ ನೋಡುತ್ತೆ. ನಮ್ಮ ಮದುವೇಲಿ ಏನಿರುತ್ತೆ? ಗಂಡಿಗೆ ಬಿಳಿ ಪಂಚೆ, ಬಿಳಿ ಶರ್ಟು, ಬಿಳಿ ಪೇಟ. ಹಿಂದೆ ಹೊಳೆಯೋ ಬಟ್ಟೆಯ ಸ್ಟೇಜು, ಎಲ್‌ಇಡಿ ಲೈಟು. ಮೀಟರ್ 'ಅಬ್ಬಾ ಎಷ್ಟು ಬೆಳಕು' ಅಂತ ಹೆದರಿ ಕಡಿಮೆ ಮಾಡುತ್ತೆ. ಪಂಚೆ ಬೂದಿಯಾಗುತ್ತೆ, ಮುಖ ಮಸಿಯಾಗುತ್ತೆ. ತಪ್ಪು ಬಣ್ಣದ್ದಲ್ಲ ತಮ್ಮಾ, ಮಿಷನ್ನಿಂದ ಬಂದ ಅಂದಾಜಿನದ್ದು. ಹಂಗಂತ ಕಪ್ಪು ಮುಖದ ಮೇಲೇ ಸ್ಪಾಟ್ ಮೀಟರ್ ಇಟ್ಟು ಹೊಡೆದರೆ ಉಲ್ಟಾ ಆಗುತ್ತೆ, ಮುಖ ಬೂದು ಬಳಿದಂಗೆ, ಪಂಚೆಯ ಅಂಚು ಮಾಯ.

ಸುಲಭದ ದಾರಿ ಅಂಗೈ. ಹೆಣ್ಣು ಗಂಡು ನಿಂತ ಜಾಗದಲ್ಲೇ, ಅದೇ ಬೆಳಕಿಗೆ ನಿನ್ನ ಅಂಗೈ ಹಿಡಿದು, ಅದರ ಮೇಲೆ ಸ್ಪಾಟ್ ಮೀಟರ್ ಇಡು. ಬಂದ ಅಳತೆಗಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡು. ಮ್ಯಾನ್ಯುಯಲ್‌ನಲ್ಲಿ ಅದನ್ನೇ ಲಾಕ್ ಮಾಡಿ ಧಾರೆ ಮುಗಿಯೋವರೆಗೂ ಮುಟ್ಟಬೇಡ, ಲೈಟ್ ಬದಲಾದ್ರೆ ಮಾತ್ರ ಮತ್ತೆ ನೋಡು. ಮೈ ಬಣ್ಣ ಏನೇ ಇರಲಿ, ಮನುಷ್ಯರ ಅಂಗೈ ಹೆಚ್ಚೂಕಡಿಮೆ ಒಂದೇ ಮಟ್ಟಕ್ಕೆ ಬೆಳಕು ಕೊಡುತ್ತೆ. ವರ್ಣ ಬರೆದವರ ಕಣ್ಣಿಗೆ ಇದು ಬಿದ್ದಿರಲಿಲ್ಲ ಅಂತ ಕಾಣುತ್ತೆ.

ಇನ್ನು ಶಾಮಿಯಾನ. ನೀಲಿ ಟಾರ್ಪಲ್ ಕೆಳಗೆ ಮುಖ ಹೆಣದ ಬಣ್ಣ, ಕೆಂಪು ಬಟ್ಟೆ ಕೆಳಗೆ ಟೊಮೇಟೊ, ಹಸಿ ಸೋಗೆ ಚಪ್ಪರದಲ್ಲಿ ಪಾಚಿ. ಕಪ್ಪು ಮೈಯಲ್ಲಿ ಈ ಬಣ್ಣ ಬೇಗ ಬೂದಿಯಾಗಿ ಕಾಣುತ್ತೆ. ಆ ನೆರಳೊಳಗೇ ಒಂದು ಬಿಳಿ ಹಾಳೆ ಹಿಡಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಹಾಕು, ರಾ ಫೈಲಲ್ಲಿ ತೆಗಿ. ಜಾಗ ಇದ್ದರೆ ಜೋಡಿಯನ್ನ ಚಪ್ಪರದ ಅಂಚಿಗೆ, ಹೊರಗಿನ ಬೆಳಕು ಪಕ್ಕದಿಂದ ಬೀಳೋ ಕಡೆ ನಿಲ್ಲಿಸು.

ಫ್ಲ್ಯಾಶನ್ನ ನೇರ ಮುಖಕ್ಕೆ ಹೊಡೀಬೇಡ. ಅರಿಶಿಣ, ಎಣ್ಣೆ, ಬೆವರು, ಮೂರೂ ಸೇರಿ ಹಣೆ ಮಿಂಚುತ್ತೆ, ಹಿಂದೆ ಕತ್ತಲು. ಛತ್ರದಲ್ಲಿ ಬಿಳಿ ತಾರಸಿ ಇದ್ದರೆ ಅದಕ್ಕೆ ಹೊಡೆದು ವಾಪಸ್ ಬರೋ ಬೆಳಕು ತಗೋ. ಚಪ್ಪರದಲ್ಲಿ ತಾರಸಿ ಇರಲ್ಲ, ಒಂದು ಬಿಳಿ ಥರ್ಮಾಕೋಲ್ ಶೀಟು ಯಾವನಾದ್ರೂ ಹುಡುಗನ ಕೈಲಿ ಹಿಡಿಸು. ಗಂಡು ಹೆಣ್ಣಲ್ಲಿ ಒಬ್ಬರು ಹೆಚ್ಚು ಕಪ್ಪಗಿದ್ದರೆ ಅವರನ್ನ ಬೆಳಕಿನ ಹತ್ತಿರದ ಕಡೆ ನಿಲ್ಲಿಸು. ಯಾಕೆ ಅಂತ ಯಾರಿಗೂ ಹೇಳೋಕೆ ಹೋಗಬೇಡ. ತಮಟೆ ಹೊಡೆಯೋ ಕೈ ನಿಲ್ಲಬೇಕು ಅಂದ್ರೆ ಶಟರ್ 500ರಲ್ಲಿ ಒಂದು ಸೆಕೆಂಡ್ ಬೇಕು. ಕೈ ಹಾರಾಡಿದಂಗೆ ಮಸುಕಾಗಿ ಬರಲಿ ಅಂದ್ರೆ 30ರಲ್ಲಿ ಒಂದು. ಎರಡನ್ನೂ ತೆಗಿ, ಅವರ ಹೆಸರು ಕೇಳಿ ಬರ್ಕೊ.

ಲೆನ್ಸ್‌ಗೆ ಸಾಲ ಮಾಡಬೇಡ. 50 ಎಂಎಂ, ಎಫ್ 1.8 ಸಾಕು. ಒಂದು ಬ್ಯಾಟರಿ ಹೆಚ್ಚಿಗೆ, ಎರಡು ಕಾರ್ಡು, ಆ ರಾತ್ರಿಯೇ ಎರಡು ಕಡೆ ಕಾಪಿ. ಡ್ರೋನ್ ಬೇಕು ಅಂತ ಹೊಗೆಸೊಪ್ಪಿನ ಹರಾಜಿನ ದುಡ್ಡೆಲ್ಲ ಸುರಿಯೋ ಮನೆಗಳಿಗೆ ನೀನೇ ಬೇಡ ಅನ್ನು.

ನಮ್ಮ ಚಳವಳಿಯ ಮದುವೆಗಳ ಬಗ್ಗೆ ಪೇಟೆ ಫೋಟೋಗ್ರಾಫರ್‌ಗಳಿಗೆ ಏನೂ ತಿಳಿಯಲ್ಲ. ಕುವೆಂಪು ಅವರ ಮಂತ್ರಮಾಂಗಲ್ಯದಲ್ಲಿ 1966ರಲ್ಲಿ ತೇಜಸ್ವಿ ಮದುವೆಯಾದರು. 1973ರ ಬೂಸಾ ಗಲಾಟೆ ಆದಮೇಲೆ, ದಲಿತ ಸಂಘರ್ಷ ಸಮಿತಿ ಬೆಳೆದ ಕಾಲದಲ್ಲಿ, ನಮ್ಮ ಎಷ್ಟೋ ಜನ ಪುರೋಹಿತರಿಲ್ಲದೆ ಅಂಬೇಡ್ಕರ್ ಫೋಟೋ ಮುಂದೆ ಹಾರ ಬದಲಾಯಿಸಿ ಮದುವೆಯಾದರು. ಇಲ್ಲಿ ಹೋಮ ಇಲ್ಲ, ಧಾರೆ ಇಲ್ಲ. 'ಮೇನ್ ಫೋಟೋ ಯಾವ್ದು ಸಾರ್' ಅಂತ ಒಬ್ಬ ನನ್ನನ್ನ ಕೇಳಿದ್ದ. ಪ್ರತಿಜ್ಞೆ ಓದೋವಾಗ ಇಬ್ಬರ ಮುಖ, ಕೇಳ್ತಿರೋ ಅವ್ವಂದಿರ ಮುಖ, ಸಹಿ ಹಾಕೋ ಕೈ, ಸಾಕ್ಷಿಗಳ ಕೈ. ಇವೇ ಮೇನ್. ಬಾಬಾಸಾಹೇಬರ ಫೋಟೋಗೆ ಗಾಜಿರುತ್ತೆ, ನೇರ ನಿಂತು ಫ್ಲ್ಯಾಶ್ ಹೊಡೆದರೆ ಅವರ ಮುಖದ ಜಾಗದಲ್ಲಿ ಬಿಳಿ ಗುಂಡು ಬರುತ್ತೆ. ಒಂದು ಪಕ್ಕಕ್ಕೆ ಸರಿದು ನಿಂತರೆ ಹೋಗುತ್ತೆ. ಅಂತರ್ಜಾತಿ ಮದುವೆ ಆಗಿದ್ರೆ ಜೋಡಿ ಫೋಟೋ ನೋಂದಣಿಗೆ ಬೇಕು, ಪ್ರೋತ್ಸಾಹಧನದ ಅರ್ಜಿಗೆ ಬೇಕು. ಇಬ್ಬರ ಮುಖವೂ ಸ್ಪಷ್ಟವಾಗಿರೋ ಒಂದನ್ನ ಅವತ್ತೇ ಪ್ರಿಂಟ್ ಹಾಕಿ ಕೊಡು, ಆಲ್ಬಂ ಆಗೋವರೆಗೆ ಕಾಯಿಸಬೇಡ.

ಕೊನೆಗೆ ಎಡಿಟಿಂಗ್. "ಸ್ವಲ್ಪ ಬೆಳ್ಳಗ್ ಮಾಡಪ್ಪ" ಅಂತ ಹೆಣ್ಣಿನ ಅವ್ವನೇ ಕೇಳ್ತಾಳೆ. 1975ರಿಂದ ಫೇರ್ ಅಂಡ್ ಲವ್ಲಿ ಟ್ಯೂಬ್ ಮಾರಿ, 2020ರಲ್ಲಿ ಹೆಸರಿನ ಮೊದಲ ಪದ ಬದಲಾಯಿಸಿದ ದೇಶ ಇದು, ಆ ತಾಯಿ ಮೇಲೆ ಭಾಷಣ ಬಿಗಿಯಬೇಡ. ಬೆಳಕು ಸರಿ ಇದ್ದು, ಬಣ್ಣ ನಿಜ ಇದ್ದು, ಕಣ್ಣು ಹೊಳೀತಿರೋ ಒಂದು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿ ಕೈಗೆ ಕೊಡು. ಅದರ ಪಕ್ಕ ಬಿಳಿ ಬಳಿದದ್ದನ್ನೂ ಇಡು. ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಏಳು ಮನೆಯವರು ಮೊದಲನೇದನ್ನೇ ಆರಿಸ್ತಾರೆ. ಉಳಿದ ಮೂರು ಮನೆಗೆ ಅವರು ಕೇಳಿದ್ದನ್ನ ಕೊಡು, ಹೊಟ್ಟೆಪಾಡು ಅದು. ನಿನ್ನ ಹತ್ರ ಮಾತ್ರ ನಿಜವಾದ್ದನ್ನ ಉಳಿಸ್ಕೊ.

ಈ ನಾಲ್ಕು ತಾಲ್ಲೂಕಿನವರಿಗೆ ಒಂದು ಕೋರಿಕೆ. ನಿಮ್ಮ ಮನೇಲಿ 1990ಕ್ಕಿಂತ ಹಿಂದಿನ ಕೇರಿ ಮದುವೆ ಫೋಟೋ ಇದ್ದರೆ, ಗೆದ್ದಲು ತಿನ್ನೋ ಮುಂಚೆ ಹಗಲು ಬೆಳಕಲ್ಲಿ, ಕಿಟಕಿ ಪಕ್ಕ ಇಟ್ಟು ಮೊಬೈಲಲ್ಲಿ ತೆಗೀರಿ. ಫೋಟೋದಲ್ಲಿರೋ ಎಲ್ಲರ ಹೆಸರು, ಊರು, ವರ್ಷ ಮನೆ ಹಿರಿಯರನ್ನ ಕೇಳಿ ಹಿಂಭಾಗದಲ್ಲಿ ಪೆನ್ಸಿಲಲ್ಲಿ ಬರೀರಿ, ಪೆನ್ ಬೇಡ, ಇಂಕು ಮುಂದಕ್ಕೆ ಇಳಿಯುತ್ತೆ. ಮನೆಯವರು ಒಪ್ಪಿದ್ರೆ ಇಲ್ಲಿ ಕಾಮೆಂಟಲ್ಲಿ ಹಾಕಿ. ಜಾತಿ ಹೆಸರು ಬರೆಯೋದು ಬೇಡ, ಅದನ್ನ ಅವರು ಎಂಟು ಸಂಪುಟದಲ್ಲಿ ಬರೆದಾಗಿದೆ.